ನಾಯಿಯ ವಿಮೆ, ಅಪ್ಪನ ಕೈ

ಎಡಪ್ಪಳ್ಳಿಯ ಮನೆಯ ಯಜಮಾನರು ನಮ್ಮ ನಾಯಿ ಕಚ್ಚುತ್ತದೆಯೇ ಎಂದು ಕೇಳಲಿಲ್ಲ. ಕಚ್ಚಿದರೆ ನಷ್ಟ ಯಾರದು ಎಂದು ಕೇಳಿದರು. ಹೀಗೆ ಶುರು ಮಾಡಿದರೆ ಅವರು ಒರಟರಂತೆ ಕಾಣುತ್ತಾರೆ, ಅವರು ಒರಟರಾಗಿರಲಿಲ್ಲ. ಇನ್ನೊಮ್ಮೆ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾವು ತಿರುವನಂತಪುರದಲ್ಲಿದ್ದೆವು. ನನ್ನ ಗಂಡ ಮೈಸೂರಿನ ಕಡೆಯವನು, ಬಾಹ್ಯಾಕಾಶ ಸಂಸ್ಥೆಯಲ್ಲಿ ಎಂಜಿನಿಯರ್. ಒಂದೊಂದು ಬಿಡಿಭಾಗವನ್ನೂ ಎದುರಿಗಿಟ್ಟುಕೊಂಡು ಇದು ಯಾವ ಯಾವ ರೀತಿಯಲ್ಲಿ ಕೈಕೊಡಬಹುದು ಎಂದು ಯೋಚಿಸುವುದೇ ಅವನ ಕೆಲಸ. ನಾನು ಧಾರವಾಡದವಳು, ಕೇಂದ್ರ ಸರಕಾರದ ಒಂದು ಪ್ರಯೋಗಾಲಯದಲ್ಲಿ ಕೆಮಿಸ್ಟ್. ನನಗೆ ಕೊಚ್ಚಿಗೆ ವರ್ಗವಾಯಿತು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ, ಹಡಗಿನಿಂದ ಇಳಿದ ಸರಕಿನ ಮಾದರಿಗಳನ್ನು ಪರೀಕ್ಷಿಸುವ ಕೆಲಸ. ಕೊಚ್ಚಿಯಲ್ಲಿ ರಾಕೆಟ್ ಇಲ್ಲ. ಆದ್ದರಿಂದ ಗಂಡ ಅಲ್ಲೇ ಉಳಿಯುವುದು, ಶನಿವಾರ ರೈಲು ಹತ್ತಿ ಬರುವುದು. ನಾನು, ಮಗಳು, ನನ್ನ ಅಪ್ಪ ಕೊಚ್ಚಿಯಲ್ಲಿ ಮನೆ ಮಾಡುವುದು ಎಂದು ತೀರ್ಮಾನವಾಯಿತು. ತೀರ್ಮಾನವಾಯಿತು ಎಂದರೆ ನಾನೂ ಗಂಡನೂ ಅಡುಗೆಮನೆಯಲ್ಲಿ ನಿಂತು ಮಾತಾಡಿದೆವು ಎಂದರ್ಥ. ಅಪ್ಪನನ್ನು ಕೇಳಲಿಲ್ಲ. ನಾಯಿಯ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದರು. ಅವರಿಗೆ ತಿರುವನಂತಪುರ ಒಗ್ಗಿತ್ತು. ಸೆಕೆ, ಕುಸುಬಲಕ್ಕಿ ಅನ್ನ, ಎಲ್ಲ ಒಗ್ಗಿತ್ತು. ಒಗ್ಗದೆ ಉಳಿದದ್ದು ಮಾತು. ಮಗಳಿಗೆ ಕನ್ನಡ ಪೂರಾ ತಿಳಿಯುತ್ತಿತ್ತು, ಆದರೆ ಅಜ್ಜ ಏನು ಕೇಳಿದರೂ ಉತ್ತರ ಮಲಯಾಳದಲ್ಲಿ ಬರುತ್ತಿತ್ತು. ನಾನು ಬೆಳಗ್ಗೆ ಹೊರಟರೆ ಸಂಜೆ ಬರುವವಳು. ಬಂದ ಮೇಲೂ ನನ್ನ ಮಾತು ಸೂಚನೆ ಕೊಟ್ಟಂತೆ ಇರುತ್ತಿತ್ತು. ಮಾತ್ರೆ ತಗೊಂಡಿರಾ, ಗೀಸರ್ ಆರಿಸಿದಿರಾ. ಅಳಿಯನ ಮೈಸೂರು ಕನ್ನಡ ಅವರಿಗೆ ರೇಡಿಯೋ ವಾರ್ತೆ ಕೇಳಿದ ಹಾಗಿತ್ತಂತೆ. ಉಳಿದದ್ದು ನಾಯಿ.

ಅದನ್ನು ಪೊಮೇರಿಯನ್ ಎಂದು ಮಾರಿದ್ದರು. ಮರಿಯಾಗಿದ್ದಾಗ ಬೆಳ್ಳಗೆ, ಗುಂಡಗೆ, ನಂಬುವ ಹಾಗೇ ಇತ್ತು. ಬೆಳೆಯುತ್ತ ಕಾಲು ಉದ್ದವಾದವು, ಬೆನ್ನ ಮೇಲೆ ಕಂದು ಬಣ್ಣ ಬಂತು, ಒಂದು ಕಿವಿ ನಿಂತಿತು, ಇನ್ನೊಂದು ಮಡಚಿಕೊಂಡಿತು. ಅಪ್ಪ ಅದನ್ನು ತಮ್ಮಾ ಎಂದು ಕರೆಯುತ್ತಿದ್ದರು. ಮಗಳು ಮೋನೇ, ಮಗನೇ, ಎನ್ನುತ್ತಿದ್ದಳು. ಗಂಡ ಶಿಳ್ಳೆ ಹಾಕುತ್ತಿದ್ದ. ಬೆಳಗ್ಗೆ ನಾವೆಲ್ಲ ಹೊರಟ ಮೇಲೆ ಅಪ್ಪ ಮಲಯಾಳ ಪತ್ರಿಕೆ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದರಂತೆ. ಓದಲು ಬರುತ್ತಿರಲಿಲ್ಲ, ಚಿತ್ರ ನೋಡಿ, ಏನಾಗಿರಬಹುದು ಎಂದು ಊಹಿಸಿ, ನಾಯಿಗೆ ಹೇಳುತ್ತಿದ್ದರು. ಒಮ್ಮೆ ಜ್ವರ ಬಂದು ನಾನು ಮನೆಯಲ್ಲಿದ್ದಾಗ ಒಳಗಿಂದ ಕೇಳಿದ್ದೇನೆ. ಯಾರೋ ಮಂತ್ರಿ ರಿಬ್ಬನ್ ಕತ್ತರಿಸುವ ಚಿತ್ರವಿರಬೇಕು, ಆ ಮಂತ್ರಿಯ ಹೊಟ್ಟೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಾಯಿ ಕೇಳಿಸಿಕೊಳ್ಳುತ್ತಿತ್ತು. ಕೇಳಿಸಿಕೊಳ್ಳುತ್ತಿತ್ತು ಎಂದು ನಾನು ಹೇಗೆ ಬರೆಯಲಿ? ತಲೆ ಓರೆ ಮಾಡುತ್ತಿತ್ತು. ಅಷ್ಟೇ ನನಗೆ ಗೊತ್ತು.

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ನನಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಮನೆಯ ಮಹಡಿ. ಕೆಳಗೆ ಯಜಮಾನರು ಮತ್ತು ಅವರ ಹೆಂಡತಿ. ಅವರು ಬಂದರಿನಲ್ಲಿ ಸರ್ವೇಯರ್ ಆಗಿ ನಿವೃತ್ತರಾದವರು. ಭೂಮಿ ಅಳೆಯುವ ಸರ್ವೇಯರ್ ಅಲ್ಲ. ಹಡಗಿನಲ್ಲಿ ಬಂದ ಸರಕು ನೆನೆದಿದ್ದರೆ, ಒಡೆದಿದ್ದರೆ, ಹುಳ ಬಿದ್ದಿದ್ದರೆ ಹೋಗಿ ನೋಡಿ, ಇದು ಎಲ್ಲಿ ಹೇಗೆ ಕೆಟ್ಟಿತು, ನಷ್ಟ ಯಾರ ತಲೆಗೆ ಎಂದು ಬರೆದುಕೊಡುವವರು. ವಿಮಾ ಕಂಪನಿಗಳು ಅವರ ಮಾತಿನ ಮೇಲೆ ನಡೆಯುತ್ತಿದ್ದವು. ಮನೆ ತೋರಿಸುವಾಗಲೂ ಅವರು ಗೋಡೆ ಮುಟ್ಟಿ, ನಲ್ಲಿ ತಿರುಗಿಸಿ, ನನಗಿಂತ ಹೆಚ್ಚು ಅನುಮಾನದಿಂದ ತಮ್ಮದೇ ಮನೆಯನ್ನು ನೋಡುತ್ತಿದ್ದರು. ನಾಯಿ ಇದೆ ಎಂದಾಗ ಮುಖ ಬಿಗಿಯಾಯಿತು. ಹಿಂದಿನ ಬಾಡಿಗೆದಾರರ ನಾಯಿ ಮೀನು ಮಾರುವ ಹೆಂಗಸಿನ ಕಾಲು ಹಿಡಿದಿತ್ತು. ಆ ಬಾಡಿಗೆದಾರರು ರಾತ್ರೋರಾತ್ರಿ ಖಾಲಿ ಮಾಡಿ ಹೋದರು. ಆಸ್ಪತ್ರೆ, ಜಗಳ, ಬೀದಿಯ ಮಾತು ಎಲ್ಲ ಇವರ ಬಾಗಿಲಿಗೆ ಬಂದಿತ್ತು. ನಾಯಿಯ ಮೇಲೆ ಸಿಟ್ಟಿಲ್ಲ ಎಂದರು. ಎಲ್ಲ ಹಡಗಿನವರನ್ನೂ ಸಿಟ್ಟಿಲ್ಲದೆ ಕಾಗದ ಕೇಳುವ ಹಾಗೆ ಕೇಳುತ್ತಿದ್ದೇನೆ ಎಂದರು.

"ನಾಯ ವನ್ನೋಟ್ಟೆ, ಮೋಳೇ. ಕಡಲಾಸ್ ಕೂಡೆ ವೇಣಂ."

ನಾಯಿ ಬರಲಿ ಮಗಳೇ, ಜೊತೆಗೆ ಕಾಗದವೂ ಬರಬೇಕು. ವಿಮೆಯ ಕಾಗದ.

ನಾನು ತಿರುವನಂತಪುರಕ್ಕೆ ಹಿಂತಿರುಗಿ ಇದನ್ನು ಹೇಳಿದಾಗ ಮನೆಯಲ್ಲಿ ಮೊದಲು ನಗು. ನಾಯಿಗೆ ವಿಮೆಯೇ. ನಗು ಮುಗಿದ ಮೇಲೆ ಗಂಡ, ಕಾಗದ ಸಿಗದಿದ್ದರೆ ನಾಯಿ ನನ್ನ ಜೊತೆ ಇರಲಿ ಎಂದ. ಅಪ್ಪ ತಟ್ಟನೆ, "ಹಂಗಾದ್ರ ನೀವು ಹೋಗ್ರಿ. ನಾವಿಬ್ರೂ ಇಲ್ಲೇ ಇರ್ತೀವಿ," ಎಂದರು. ನಾವಿಬ್ಬರೂ ಎಂದರೆ ಯಾರು ಎಂದು ಒಂದು ಕ್ಷಣ ನನಗೆ ಹೊಳೆಯಲಿಲ್ಲ. ಅವರ ಕೈ ನಾಯಿಯ ಬೆನ್ನ ಮೇಲಿತ್ತು.

ಅದು ಆಗುವ ಮಾತಲ್ಲ. ಹಿಂದಿನ ವರ್ಷ ಅಪ್ಪ ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು. ಗಂಡ ಬೆಳಗಿನ ಆಫೀಸು ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಬರುವವನು. ಉಡಾವಣೆ ಹತ್ತಿರ ಬಂದರೆ ವಾರಗಟ್ಟಲೆ ಆಂಧ್ರದ ಕರಾವಳಿಯಲ್ಲಿರುವವನು. ಅಪ್ಪ ನನ್ನ ಜೊತೆ ಬರಲೇಬೇಕು. ನಾಯಿ ಬರದೆ ಅವರು ಬರುವುದಿಲ್ಲ. ಎಳೆದುಕೊಂಡು ಹೋದರೆ ಬಂದಾರು. ಬಂದು, ಹೊಸ ಊರಿನ ಮಹಡಿಯ ಮೇಲೆ, ಬೆಳಗಿನಿಂದ ಸಂಜೆಯವರೆಗೆ, ಬಾಯಿ ತೆರೆಯದೆ ಕೂತಾರು. ಈಗ ವಿಮೆ ನಗುವ ವಿಷಯವಾಗಿ ಉಳಿಯಲಿಲ್ಲ.

ಗಂಡ ಅದನ್ನು ತನ್ನ ಕೈಗೆ ತೆಗೆದುಕೊಂಡ. ಒಂದು ಲೇಖನಸಾಮಗ್ರಿ ಅಂಗಡಿಯ ಮೇಲಿನ ವಿಮಾ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ಹಸುವಿನ ಅರ್ಜಿ, ಕೋಳಿಯ ಅರ್ಜಿ ಎಲ್ಲ ಸರಿಸಿ ಕೆಳಗಿನಿಂದ ನಾಯಿಯದೊಂದನ್ನು ಎಳೆದು ಕೊಟ್ಟರಂತೆ. ಗಂಡ ಅಲ್ಲೇ ಕೂತು ಪೂರ್ತಿ ಓದಿದ. ಕಾಯಿಲೆಯಿಂದಲೋ ಅಪಘಾತದಿಂದಲೋ ನಾಯಿ ಸತ್ತರೆ ಅದರ ಬೆಲೆ ಕೊಡುತ್ತಾರೆ. ಚಿಕಿತ್ಸೆಯ ಖರ್ಚಿಗೂ ಇದಕ್ಕೂ ಸಂಬಂಧವಿಲ್ಲ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮತ್ತು ಇನ್ನೂ ಕೆಲವು ಹಾಕಿಸಿರಲೇಬೇಕು, ಹಾಕಿಸದೆ ಆ ರೋಗದಿಂದ ಸತ್ತರೆ ಏನೂ ಇಲ್ಲ. ಮುದಿನಾಯಿಗೆ ಇಲ್ಲ. ಬೀದಿನಾಯಿಗೆ ಇಲ್ಲ, ಯಾಕೆಂದರೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ನಮ್ಮದು ಯಾವ ಜಾತಿ ಎಂದು ಕೇಳಿದಾಗ ಗಂಡ ಪೊಮೇರಿಯನ್ ಎಂದನಂತೆ. ಅರ್ಧ ಎಂದು ಸೇರಿಸಿದನಂತೆ. ಅರ್ಧಕ್ಕೂ ಆಗುತ್ತದೆ, ಪಶುವೈದ್ಯರು ಬರೆದುಕೊಟ್ಟರೆ ಸಾಕು ಎಂದರಂತೆ. ಅವನು ಮನೆಗೆ ಬಂದಾಗ ಖುಷಿಯಲ್ಲಿದ್ದ. ಯಾವುದು ಯಾವುದಕ್ಕೆ ಕೊಡುವುದಿಲ್ಲ ಎಂಬ ಭಾಗವನ್ನು ನನಗೆ ಓದಿ ಹೇಳಿದ. ತನ್ನ ಹಾಗೇ ಯೋಚಿಸುವ ಒಬ್ಬ ಮನುಷ್ಯ ಎಲ್ಲೋ ಕೂತು ಇದನ್ನು ಬರೆದಿದ್ದಾನೆ ಎಂಬ ಸಂತೋಷ.

ಮಗಳ ಶಾಲೆ ನೋಡಲು ಮತ್ತೆ ಕೊಚ್ಚಿಗೆ ಹೋದಾಗ ಆ ಕಾಗದ ತೆಗೆದುಕೊಂಡು ಹೋದೆ. ಯಜಮಾನರು ಕೆಳಗಿನ ವರಾಂಡದಲ್ಲಿ ಕನ್ನಡಕ ಏರಿಸಿಕೊಂಡು ಓದಿದರು. ಕೊನೆಯವರೆಗೆ ಓದಿ, ಮೊದಲಿಂದ ಇನ್ನೊಮ್ಮೆ ನೋಡಿ, ಮಡಿಸಿ ವಾಪಸ್ ಕೊಟ್ಟರು. ಒಳ್ಳೆಯ ಕಾಗದ, ಆದರೆ ಇದು ನಾಯಿ ಹೋದರೆ ನಿಮಗಾಗುವ ನಷ್ಟಕ್ಕೆ. ನಾನು ಕೇಳಿದ್ದು ನಾಯಿಯಿಂದ ನಮಗಾಗುವ ನಷ್ಟಕ್ಕೆ. ಮೊದಲು ಯಾರು ಏನನ್ನು ಕಳೆದುಕೊಳ್ಳುತ್ತಾರೆ ಎಂದು ನೋಡಬೇಕು ಮೋಳೇ, ಆಮೇಲೆ ಕಾಗದ ಆರಿಸಬೇಕು. ಹೀಗೆ ಇಂಗ್ಲಿಷಿನಲ್ಲಿ ಅರ್ಧ, ಮಲಯಾಳದಲ್ಲಿ ಅರ್ಧ ಹೇಳಿದರು. ಆಮೇಲೆ ಕೊಬ್ಬರಿಯ ಕಥೆ ಹೇಳಿದರು. ಸರಿಯಾಗಿ ಒಣಗದ ಕೊಬ್ಬರಿಯನ್ನು ಹಡಗಿನ ಹೊಟ್ಟೆಗೆ ತುಂಬಿದರೆ ಅದು ತಾನೇ ಬಿಸಿಯಾಗುತ್ತದೆ, ತಾನೇ ಹೊಗೆಯಾಡುತ್ತದೆ. ಹೊರಗಿನಿಂದ ಯಾರೂ ಬೆಂಕಿ ಇಟ್ಟಿರುವುದಿಲ್ಲ. ಸರಕಿನ ಸ್ವಂತ ಗುಣದಿಂದ ಸರಕಿಗೆ ಆದ ಹಾನಿಗೆ ವಿಮೆ ಕೊಡುವುದಿಲ್ಲ. ಆದರೆ ಪಕ್ಕದ ಮೂಟೆಯವನು ಏನು ಮಾಡಬೇಕು? ನಾನು ಪಕ್ಕದ ಮೂಟೆ ಎಂದು ತಮ್ಮ ಎದೆ ಮುಟ್ಟಿ ತೋರಿಸಿದರು.

ಬೂತಿನಿಂದ ಗಂಡನಿಗೆ ಫೋನ್ ಮಾಡಿದೆ. ಯಜಮಾನರ ಮಾತು ಹೇಳಿದೆ. ಎದುರಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಅಂಥ ಹುಟ್ಟು ಅನುಮಾನಗಾರನಿಗೆ ಇದು ಹೊಳೆದೇ ಇರಲಿಲ್ಲ. ನಾಯಿ ಹೇಗೆಲ್ಲ ಸಾಯಬಹುದು ಎಂದು ಯೋಚಿಸಿದ್ದ. ನಾಯಿ ಬೇರೆಯವರಿಗೆ ಏನು ಮಾಡಬಹುದು ಎಂಬುದು ಅವನ ಇಲಾಖೆಯಲ್ಲ. ಅವರು ಹಾರಿಸುವುದು ಸಮುದ್ರದ ಕಡೆಗೆ. ಬಿದ್ದರೆ ನೀರಿನಲ್ಲಿ ಬೀಳುತ್ತದೆ. ಅವರ ಚಿಂತೆಯೆಲ್ಲ ಮೇಲೆ ಹೋಗುವುದರ ಬಗ್ಗೆ. ಕೊನೆಗೆ ಅವನು, "ಹೌದಲ್ವಾ, ಕೆಳಗೆ ಜನ ಇರ್ತಾರೆ," ಎಂದ.

ಮತ್ತೆ ಕಚೇರಿಗೆ ಹೋದ. ನಾಯಿ ಇನ್ನೊಬ್ಬರಿಗೆ ಮಾಡುವ ಹಾನಿಗೂ ವಿಮೆ ಇದೆ, ಆದರೆ ಬಿಡಿಯಾಗಿ ಸಿಗುವುದಿಲ್ಲ ಎಂದರು. ಸಾವಿನ ವಿಮೆ ತೆಗೆದುಕೊಂಡರೆ ಅದರ ಬಾಲಕ್ಕೆ ಇದನ್ನು ಕಟ್ಟಿಕೊಡುತ್ತಾರೆ. ಆಗಲಿ ಎಂದುಕೊಂಡೆವು. ಊಟಕ್ಕೆ ಕೂತಾಗ ಗಂಡ ಷರತ್ತುಗಳನ್ನು ಓದಿದ. ಅದರಲ್ಲಿ ಒಂದು, ನಾಯಿಯನ್ನು ಗುರುತಿಸಲು ಅದರ ಕಿವಿಯ ಒಳಗೆ ಹಚ್ಚೆಯಲ್ಲಿ ಸಂಖ್ಯೆ ಹಾಕಿಸಬೇಕು ಎಂದಿತ್ತು. ಸತ್ತದ್ದು ಇದೇ ನಾಯಿ ಎನ್ನಲು.

ಅಪ್ಪ ಊಟ ನಿಲ್ಲಿಸಿದರು.

"ಕಿವಿ ಕೇಳ್ತಾರೇನು?" ಎಂದರು.

ಯಾರೂ ಕಿವಿ ಕೇಳುವುದಿಲ್ಲ ಮಾವ, ಬರೀ ಗುರುತು ಎಂದು ಗಂಡ ಹೇಳಿದ. ಅಪ್ಪ ಕೈ ತೊಳೆದು ಬಂದು ಕುರ್ಚಿಯಲ್ಲಿ ಕೂತರು. ಆಮೇಲೆ ಹೇಳಿದ್ದನ್ನು ಒಂದೇ ಸಲಕ್ಕೆ ಹೇಳಿದರೋ, ಆ ವಾರವೆಲ್ಲ ಚೂರು ಚೂರಾಗಿ ಹೇಳಿದರೋ ನನಗೆ ಖಚಿತವಿಲ್ಲ. ನೆನಪು ಅದನ್ನು ಒಂದು ಸಂಜೆಗೆ ಹೊಲಿದಿದೆ. ನಾನು ಆ ಹೊಲಿಗೆ ಬಿಚ್ಚಲು ಹೋಗುವುದಿಲ್ಲ, ನಂಬುವುದೂ ಇಲ್ಲ.

ಅಪ್ಪ ನೌಕರಿ ಮಾಡಿದ್ದು ತಾಲೂಕಿನ ಒಂದು ಸಹಕಾರಿ ಬ್ಯಾಂಕಿನಲ್ಲಿ. ಬ್ಯಾಂಕು ಎಮ್ಮೆಗೆ ಸಾಲ ಕೊಟ್ಟರೆ ಎಮ್ಮೆಗೆ ವಿಮೆ ಆಗಬೇಕು. ವಿಮೆ ಆದ ಎಮ್ಮೆಯ ಕಿವಿಗೆ ತೂತು ಹಾಕಿ ಬಿಲ್ಲೆ ಹೊಡೆಯುತ್ತಿದ್ದರು. ಎಮ್ಮೆ ಸತ್ತರೆ ಬಿಲ್ಲೆ ತೋರಿಸಬೇಕು. ಬಿಲ್ಲೆ ಮಾತ್ರ ತಂದರೆ, ಬದುಕಿರುವ ಎಮ್ಮೆಯದನ್ನು ಕಿತ್ತು ತಂದಿರಬಹುದು ಎಂಬ ಅನುಮಾನ. ಆದ್ದರಿಂದ ಕಿವಿಯ ಸಮೇತ ಬರಬೇಕು. ಅವು ಅಪ್ಪನ ಟೇಬಲ್ಲಿಗೆ ಬರುತ್ತಿದ್ದವು, ಪತ್ರಿಕೆಯಲ್ಲಿ ಸುತ್ತಿಕೊಂಡು, ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿಕೊಂಡು. ಅವರು ಬಿಚ್ಚಿ ನೋಡಿ, ಹೌದು ಎಂದು ಬರೆದು ಮುಂದೆ ಕಳಿಸಬೇಕು. ಬ್ಯಾಂಕಿನಿಂದ ಬಂದವರೇ ಕೆಲವು ದಿನ ಅಪ್ಪ ನೇರ ಬಚ್ಚಲಿಗೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಸತ್ತವರ ಮನೆಗೆ ಹೋಗಿ ಬಂದಿದ್ದಾರೆ ಎಂದು ಅಮ್ಮ ಹೇಳುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಒಬ್ಬ ಹೆಂಗಸು ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ತಂದಿದ್ದಳಂತೆ. ಅಪ್ಪ ನೋಡಿ ಸಹಿ ಮಾಡಿದ ಮೇಲೂ ಅವಳು ಹೋಗಲಿಲ್ಲ.

"ನೋಡೋದು ಮುಗೀತಲ್ರಿ ಸಾಹೇಬ್ರ, ಇನ್ನ ಕಿವಿ ಕೊಡ್ರಿ ಅಂದ್ಲು. ಉಳದದ್ದೆಲ್ಲಾ ಹೊಲದಾಗ ಹುಗದೀವಿ, ಇದನ್ನೂ ಅದರ ಜೋಡಿ ಇಡ್ತೀನಿ ಅಂದ್ಲು."

ಕೊಟ್ಟೆಯಾ ಅಜ್ಜಾ ಎಂದು ಮಗಳು ಮಲಯಾಳದಲ್ಲಿ ಕೇಳಿದಳು. ಅಪ್ಪನಿಗೆ ಅಷ್ಟು ಮಲಯಾಳ ಅರ್ಥವಾಗುತ್ತಿತ್ತು. ಅವರು ಎದ್ದು ನಾಯಿಗೆ ಅನ್ನ ಕಲಸಲು ಹೋದರು.

ಆಮೇಲಿನ ದಿನಗಳು ನನ್ನ ತಲೆಯಲ್ಲಿ ಸಾಲಾಗಿ ನಿಲ್ಲುವುದಿಲ್ಲ. ಅರ್ಧ ತುಂಬಿದ ಪೆಟ್ಟಿಗೆಗಳು, ಹಗ್ಗ, ಹಳೆಯ ಪತ್ರಿಕೆ. ನಾನು ಐಲ್ಯಾಂಡಿನಲ್ಲಿ ಕೆಲಸಕ್ಕೆ ಹಾಜರಾಗುವ ದಿನ ಹತ್ತಿರ ಬರುತ್ತಿತ್ತು. ಪೆಟ್ಟಿಗೆ ಕಟ್ಟುವುದು, ಏನೋ ಬೇಕೆಂದು ಬಿಚ್ಚುವುದು. ಅಪ್ಪ ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು, ನಾಯಿ ಹಿಂದೆ ಹಿಂದೆ. ಗಂಡ ಮೂರನೆಯ ಸಲವೋ ನಾಲ್ಕನೆಯ ಸಲವೋ ವಿಮಾ ಕಚೇರಿಗೆ ಹೋಗಿ ನೇರವಾಗಿ ಕೇಳಿ ಬಂದ. ನಾಯಿ ಸತ್ತರೆ ಫೋಟೋ ಕೇಳುತ್ತೇವೆ, ಪಶುವೈದ್ಯರು ಕೊಯ್ದು ನೋಡಿ ಬರೆದ ಪತ್ರ ಕೇಳುತ್ತೇವೆ, ಕಿವಿ ಸಾಮಾನ್ಯವಾಗಿ ಕೇಳುವುದಿಲ್ಲ ಎಂದಿದ್ದರು. ಆ ಸಾಮಾನ್ಯವಾಗಿ ಎಂಬ ಮಾತನ್ನು ಅಪ್ಪ ಹಿಡಿದುಕೊಂಡರು. ಕೊಯ್ದು ನೋಡುವುದನ್ನೂ ಹಿಡಿದುಕೊಂಡರು. ನನಗೆ ಸಿಟ್ಟು ಬಂತು. ಒಂದು ನಾಯಿಯ ಕಿವಿಗಾಗಿ ನಾಲ್ಕು ಜನ ಎರಡು ಊರಿನಲ್ಲಿ ಅಂಡಲೆಯುತ್ತಿದ್ದೇವೆ ಎಂದು ಕೂಗಾಡಿದೆ. ಸಹೋದ್ಯೋಗಿಯೊಬ್ಬಳ ಮನೆಗೆ ನಾಯಿಯನ್ನು ಕೊಟ್ಟುಬಿಡುವ ಮಾತೂ ಆಡಿದೆ. ಮಗಳು ವೇಂಡ, ಬೇಡ, ಎಂದು ಒಂದೇ ಮಾತು ಹೇಳಿ ಕೋಣೆಗೆ ಹೋದಳು. ಆ ದಿನ ಅಪ್ಪ ನಾಯಿಯ ಜೊತೆಗೂ ಮಾತಾಡಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು. ಕೊಚ್ಚಿಯ ಮಹಡಿ ಹೀಗೇ ಇರುತ್ತದೆ ಎಂದು ಕಂಡಿತು.

ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಅಪ್ಪನೇ ಶುರು ಮಾಡಿದರು.

"ಹಾಕಸ್ರಿ ಕಿವಿಗೆ. ಆದ್ರ ಒಂದು ಮಾತು. ಅದು ಸತ್ತಾಗ ಯಾರಿಗೂ ತಿಳಸಬಾರದು. ಕೊಯ್ಸಬಾರದು, ರೊಕ್ಕಾ ಕೇಳಬಾರದು."

ಗಂಡ ಲೋಟ ಕೆಳಗಿಟ್ಟ. "ಮಾವ, ಕೇಳೋದೇ ಇಲ್ಲ ಅಂದ್ಮೇಲೆ ವಿಮೆ ಯಾಕೆ ಮಾಡಿಸ್ಬೇಕು?"

"ಮಂದೀ ಸಲುವಾಗಿ ಮಾಡಸ್ರಿ, ಅಳಿಯಂದ್ರ. ಇದು ಯಾರಿಗರೆ ತ್ರಾಸು ಕೊಟ್ರ ಅವರಿಗೆ ಸಿಗಲಿ. ಸತ್ರ ಸಿಗೂದು ನಮಗ ಬ್ಯಾಡ."

ಗಂಡ ನನ್ನ ಮುಖ ನೋಡಿದ. ಅವನಿಗೆ ಇದು ವ್ಯರ್ಥ ಎಂದು ಕಂಡಿತು. ಅವನ ಕಣ್ಣಲ್ಲಿ ಅದಿತ್ತು. ಮುಖ್ಯ ಭಾಗವನ್ನು ಬಿಸಾಡಿ ಬಾಲವನ್ನು ಇಟ್ಟುಕೊಳ್ಳುವ ಖರೀದಿ. ನನಗೆ ಮಾತ್ರ ಅಲ್ಲಿಯವರೆಗೆ ಓದಿದ ಷರತ್ತುಗಳೆಲ್ಲ ಆಗ ತಿಳಿದ ಹಾಗಾಯಿತು. ಎರಡು ಬೇರೆ ಬೇರೆ ಹೆದರಿಕೆಗಳಿಗೆ ಒಂದೇ ಕಾಗದ ಮಾರುತ್ತಿದ್ದರು. ನಮ್ಮ ಹೆದರಿಕೆ ಯಾವುದೆಂದು ನಾವು ಹೇಳಿಕೊಂಡಿರಲಿಲ್ಲ. ಅಪ್ಪ ಹೇಳಿದರು. ಗಂಡ ಆಗಲಿ ಮಾವ ಎಂದ. ಆ ಆಗಲಿ ಅವನು ನಿಜವಾಗಿ ಹೇಳಿದ್ದೋ ನನ್ನನ್ನು ನೋಡಿ ಹೇಳಿದ್ದೋ, ಇವತ್ತು ಕೇಳಿದರೆ ಅವನಿಗೂ ಗೊತ್ತಿಲ್ಲ.

ಪಶುವೈದ್ಯರಲ್ಲಿಗೆ ಹೋದದ್ದು ನಾನು ಮತ್ತು ಅಪ್ಪ. ಮಗಳು ತಾನೂ ಇದ್ದೆ ಎನ್ನುತ್ತಾಳೆ, ನೆಲದ ಮೇಲೆ ರಕ್ತ ಕಂಡೆ ಎನ್ನುತ್ತಾಳೆ. ಅವಳು ಶಾಲೆಯಲ್ಲಿದ್ದಳು ಎಂದು ನನ್ನ ನೆನಪು. ರಕ್ತ ನೆಲಕ್ಕೆ ಬೀಳಲಿಲ್ಲ ಎಂದೂ ನನ್ನ ನೆನಪು. ಇಬ್ಬರಲ್ಲಿ ಒಬ್ಬರು ಇದನ್ನು ಕಲ್ಪಿಸಿಕೊಂಡಿದ್ದೇವೆ.

ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಿ ಅಪ್ಪ ಅದರ ತಲೆಯನ್ನು ಎದೆಗೆ ಒತ್ತಿ ಹಿಡಿದರು. ಬಾಯಿಗೆ ಪಟ್ಟಿ ಕಟ್ಟೋಣವೇ ಎಂದು ಡಾಕ್ಟರು ಕೇಳಿದಾಗ ಬೇಡ ಎಂದು ತಲೆ ಆಡಿಸಿದರು. ಡಾಕ್ಟರ ಕೈಯಲ್ಲಿ ಇಕ್ಕಳದಂಥದ್ದು, ಅದರ ಹಲ್ಲುಗಳು ಅಂಕಿಗಳ ಆಕಾರದಲ್ಲಿದ್ದವು. ಅಪ್ಪ ಅದರ ಕಡೆ ನೋಡದೆ ನಾಯಿಯ ಜೊತೆ ಮಾತಾಡುತ್ತಿದ್ದರು. ಆತಪಾ, ಆತು, ಈಗ ಮುಗೀತದ, ಮನೀಗೆ ಹೋಗೂಣು. ಡಾಕ್ಟರು ಒಮ್ಮೆ ಒತ್ತಿದರು. ನಾಯಿ ಒಂದು ಸದ್ದು ಮಾಡಿತು, ನಾನು ಅದರ ಬಾಯಲ್ಲಿ ಯಾವತ್ತೂ ಕೇಳಿರದ ಸದ್ದು. ತಲೆ ಕೊಸರಿತು. ಡಾಕ್ಟರು ಮಸಿ ತರಲು ಹಿಂದಕ್ಕೆ ತಿರುಗಿದ್ದರು. ಅಪ್ಪನ ಬಲಗೈ ಜುಬ್ಬಾದ ಜೇಬಿನೊಳಗೆ ಹೋದದ್ದನ್ನು ನಾನು ಕಂಡೆ. ಎಡಗೈಯಿಂದ ಮೊದಲಿನ ಹಾಗೇ ತಲೆ ಒತ್ತಿ ಹಿಡಿದಿದ್ದರು, ಮಾತು ನಿಲ್ಲಿಸಿರಲಿಲ್ಲ. ಮಸಿ ತಿಕ್ಕಿದ್ದಾಯಿತು. ಬಿಳಿ ಜುಬ್ಬಾದ ಜೇಬಿನ ಕೆಳಗೆ ಒಂದು ಚುಕ್ಕೆ ಕೆಂಪಾಗಿ ಅಗಲವಾಗುತ್ತಿತ್ತು. ನಾನು ನನ್ನ ಬ್ಯಾಗು ಅಡ್ಡ ಹಿಡಿದು ನಿಂತೆ.

ಡಾಕ್ಟರು ಕೂತು ಪ್ರಮಾಣಪತ್ರ ಬರೆದರು. ತಲೆ ಎತ್ತದೆ ಒಂದೊಂದೇ ಕೇಳುತ್ತಿದ್ದರು. ವಯಸ್ಸು, ಬಣ್ಣ, ಚುಚ್ಚುಮದ್ದು. ಇದುವರೆಗೆ ಯಾರಿಗಾದರೂ ಕಚ್ಚಿದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ನೋ ಸರ್. ನೆವರ್," ಎಂದರು.

ನನಗೆ ಆ ದನಿ ಪರಿಚಯವಿತ್ತು. ಬ್ಯಾಂಕಿನ ದನಿ. ತಮ್ಮ ಟೇಬಲ್ಲಿನ ಮೇಲೆ ಬಂದ ಒಂದೊಂದನ್ನೂ ಬಿಚ್ಚಿ ನೋಡಿ, ನಿಜವೋ ಸುಳ್ಳೋ ಎಂದು ತೂಗಿ, ಸಹಿ ಹಾಕಿದವರ ದನಿ.

ಆಟೋದಲ್ಲಿ ಕೈ ಹೊರಗೆ ತೆಗೆಯಿರಿ ಎಂದೆ. ಹೆಬ್ಬೆರಳಿನ ಬುಡದಲ್ಲಿ ಎರಡು ಕಡೆ ಹಲ್ಲು ಆಳವಾಗಿ ಇಳಿದಿತ್ತು. ನಾಯಿ ಅದನ್ನೇ ನೆಕ್ಕಲು ಬರುತ್ತಿತ್ತು, ಅಪ್ಪ ಮೊಣಕೈಯಿಂದ ತಳ್ಳುತ್ತಿದ್ದರು. ನೇರ ಆಸ್ಪತ್ರೆಗೆ ಹೋದೆವು. ನಾಯಿಗೆ ಚುಚ್ಚುಮದ್ದು ಆಗಿದ್ದರೂ ಇವರಿಗೂ ಆಗಲಿ ಎಂದು ಇಂಜೆಕ್ಷನ್ ಶುರು ಮಾಡಿದರು, ಹೊರಡುವ ಮೊದಲು ಇನ್ನೊಂದು, ಉಳಿದವನ್ನು ಕೊಚ್ಚಿಯಲ್ಲಿ ಹಾಕಿಸಿಕೊಳ್ಳಿ ಎಂದರು.

ಸಂಜೆ ಗಂಡ ಬಂದು ಕೈಯ ಪಟ್ಟಿ ನೋಡಿದ, ಪ್ರಮಾಣಪತ್ರ ನೋಡಿದ. ಅವನಿಗೆ ಸುಳ್ಳು ಆಗದು. ಸುಳ್ಳು ಬರೆದ ಕಾಗದ ಬೇಕಾದಾಗ ನಿಲ್ಲುವುದಿಲ್ಲ ಎಂದ. ಸ್ವಲ್ಪ ಹೊತ್ತು ಷರತ್ತುಗಳನ್ನು ತಿರುವಿ ಹಾಕಿ, ಒಂದು ಕಡೆ ಬೆರಳಿಟ್ಟ. ಇನ್ನೊಬ್ಬರಿಗೆ ಆದ ಹಾನಿ ಎನ್ನುವಲ್ಲಿ ಮನೆಯ ಸದಸ್ಯರು ಸೇರುವುದಿಲ್ಲ ಎಂದಿತ್ತು. ಹಾಗಾದರೆ ಸುಳ್ಳೇನಲ್ಲ, ಮನೆಯವರನ್ನು ಕಚ್ಚಿದ್ದು ಲೆಕ್ಕಕ್ಕಿಲ್ಲ ಎಂದ.

"ಹಂಗಂದ್ರ ನಾ ಮಂದಿ ಅಲ್ಲ," ಎಂದರು ಅಪ್ಪ. ನಕ್ಕರು. ಬಹಳ ದಿನಗಳ ಮೇಲೆ ನಕ್ಕಿದ್ದು.

ಆದರೆ ಪ್ರಶ್ನೆ ಇದ್ದದ್ದು ಯಾರಿಗಾದರೂ ಎಂದು. ಅದು ನಮ್ಮ ಮೂವರಿಗೂ ಗೊತ್ತಿತ್ತು. ಎಡಪ್ಪಳ್ಳಿಯವರು ಅಂಥ ಮಾತನ್ನು ಬಿಡುವವರಲ್ಲ ಎಂಬುದು ನನಗೆ ಗೊತ್ತಿತ್ತು. ಅವರ ಕೆಲಸವೇ ಹರಿದ ಮೂಟೆ ನೋಡಿ ಇದು ಕೊಕ್ಕೆಯಿಂದಲೋ ಇಲಿಯಿಂದಲೋ ಎಂದು ಹೇಳುವುದಾಗಿತ್ತು. ಕಾಗದ ಬಂತು, ನಾಯಿಯ ಫೋಟೋ, ಸಂಖ್ಯೆ, ಇನ್ನೊಬ್ಬರ ಹಾನಿಯ ಷರತ್ತು ಬೇರೆ ಹಾಳೆಯಲ್ಲಿ ಅಂಟಿಸಿಕೊಂಡು. ಕೊಚ್ಚಿಗೆ ಹೊರಟ ದಿನ ಅಪ್ಪ ರೈಲಿನಲ್ಲಿ ಹೇಳಿದರು, ಯಜಮಾನರು ಕೇಳಿದರೆ ಕೈ ಬಾಗಿಲಿಗೆ ಸಿಕ್ಕಿತ್ತು ಎನ್ನುತ್ತೇನೆ. ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿತ್ತು. ರೈಲು ನಿಂತ ಕಡೆಯೆಲ್ಲ ಅಪ್ಪ ಇಳಿದು ಹಿಂದಕ್ಕೆ ಓಡುತ್ತಿದ್ದರು, ನಾನು ಅವರ ಹಿಂದೆ. ಬೀಳುತ್ತೀರಿ ಎಂದರೆ ಕೇಳಲಿಲ್ಲ. ಮೂತಿ ಕಾಣುವ ಕಂಡಿಯ ಹತ್ತಿರ ಬಗ್ಗಿ ಎರಡು ಮಾತು ಹೇಳಿ ಬರುತ್ತಿದ್ದರು.

ಯಜಮಾನರು ವರಾಂಡದಲ್ಲೇ ಇದ್ದರು. ಕಾಗದ ತೆಗೆದುಕೊಂಡು ಓದಿದರು, ಬೇರೆ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. ನಾಯಿಯ ಕಿವಿ ಮಡಚಿ ಸಂಖ್ಯೆ ಸರಿ ನೋಡಿದರು, ನಾಯಿ ಸುಮ್ಮನಿತ್ತು. ಆಮೇಲೆ ಅಪ್ಪನ ಕಡೆ ತಿರುಗಿ ಕೈ ಚಾಚಿದರು. ಅಪ್ಪ ಎಡಗೈ ಕೊಟ್ಟರು. ಯಜಮಾನರು ಎಡಗೈ ಹಿಡಿದುಕೊಂಡೇ ಬಲಗೈಯ ಪಟ್ಟಿಯನ್ನು ನೋಡಿದರು. ನೋಡುತ್ತಲೇ ಇದ್ದರು. ಅಪ್ಪ ಬಾಗಿಲಿನ ಮಾತು ಶುರು ಮಾಡಿದರು, ಇಂಗ್ಲಿಷಿನಲ್ಲಿ, ಡೋರ್ ಎಂದಷ್ಟೇ ಬಂತು.

"ಇಂಜಕ್ಷನ್ ಎಡುತ್ತೋ?" ಎಂದರು ಯಜಮಾನರು. ಇಂಜೆಕ್ಷನ್ ತೆಗೆದುಕೊಂಡಿರಾ.

"ಎರಡ ಆಗ್ಯಾವ್ರಿ," ಎಂದರು ಅಪ್ಪ ಕನ್ನಡದಲ್ಲಿ. "ಇನ್ನೂ ಅವ."

ತುಕ್ಕು ಹಿಡಿದ ಬಾಗಿಲಿಗೆ ಸಿಕ್ಕಿದರೂ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ಅದಕ್ಕೆ ಒಂದು ಸಾಕು, ಎರಡಾಗಿ ಇನ್ನೂ ಉಳಿಯುವುದಿಲ್ಲ. ಯಜಮಾನರಿಗೆ ಕನ್ನಡ ಬಾರದು. ಎರಡು ಎಂಬುದು ಮಲಯಾಳದ ರಂಡು ಎಂದು ಹೊಳೆಯಿತೋ ಇಲ್ಲವೋ, ಅಪ್ಪ ಎತ್ತಿ ತೋರಿಸಿದ ಬೆರಳುಗಳು ಎಷ್ಟು, ಬೆರಳು ತೋರಿಸಿದ್ದೇ ಹೌದೋ, ನಾನು ಎಷ್ಟೋ ಸಲ ಅಲ್ಲಿಗೆ ಹಿಂದಿರುಗಿ ಹುಡುಕಿದ್ದೇನೆ. ಯಜಮಾನರು ಕಾಗದವನ್ನು ಮಡಿಸಿ ಶರ್ಟಿನ ಜೇಬಿಗಿಟ್ಟುಕೊಂಡರು. ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ, ಅಥವಾ ನನಗೆ ಹಾಗೆ ಅನ್ನಿಸಿತು. ಮಗಳು ನನ್ನ ಸೆರಗು ಹಿಡಿದುಕೊಂಡಳು. ಹೊರಗೆ ರಸ್ತೆಯಲ್ಲಿ ನಮ್ಮ ಸಾಮಾನಿನ ಟೆಂಪೋದವನು ಹಾರ್ನ್ ಒತ್ತುತ್ತಿದ್ದ, ಇಳಿಸುವುದೋ ಬಿ​ಡುವುದೋ ಹೇಳಿ ಎಂದು.

ಯಜಮಾನರು ಮಹಡಿಯ ಕೀಲಿ ಹಿಡಿದು ಬಂದರು. ಅಪ್ಪನ ಎಡಗೈಗೆ ಕೊಟ್ಟರು. ಮೇಲಿನ ಬಾಗಿಲು ಬಿಗಿ ಇದೆ, ಜಾಗ್ರತೆ, ಎಂದು ನನಗೆ ಹೇಳಿ, ಅವರಿಗೂ ಹೇಳು ಎಂದರು.

ಅಪ್ಪನಿಗೆ ಹೇಳಿದೆ. ಅವರು ಆಗಲೇ ಅರ್ಧ ಮೆಟ್ಟಿಲು ಹತ್ತಿದ್ದರು. ನಾಯಿ ಮುಂದೆ ಓಡಿ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡುತ್ತಿತ್ತು. ಅಪ್ಪ ಅದಕ್ಕೆ ಏನೋ ಹೇಳುತ್ತಿದ್ದರು. ಟೆಂಪೋದ ಸದ್ದಿನಲ್ಲಿ ಏನೆಂದು ಕೇಳಿಸಲಿಲ್ಲ.